ಎತ್ತರದ ಟ್ರ್ಯಾಕಲ್ಲಿ ಒಂದು ಸೆಕೆಂಡ್ ಎಲ್ಲಿ ಹೋಯ್ತು

ಸಮುದ್ರಮಟ್ಟದ ಡ್ರ್ಯಾಗ್ ರೇಸ್ (ನಿಂತಲ್ಲಿಂದ ನೇರವಾಗಿ ಓಡಿಸೋ ರೇಸ್) ಟ್ರ್ಯಾಕಲ್ಲಿ ಬೆಳಿಗ್ಗೆ 13.2 ಸೆಕೆಂಡ್ ಓಡಿದ್ದ, ಟರ್ಬೋ (ಇಂಜಿನ್ ಒಳಗೆ ಗಾಳಿ ಒತ್ತಿ ತುಂಬೋ ಭಾಗ) ಇಲ್ಲದ ಗಾಡಿ, 5000 ಅಡಿ ಎತ್ತರದಲ್ಲಿ ಮಧ್ಯಾಹ್ನ 14.2 ಬಂತು, ಇಂಜಿನ್ ಹೋಯ್ತಾ ಅಂತ ಕೇಳಿದೀರ. ಈ ನಂಬರ್ ನೋಡಿದ್ರೆ ಹಾಗನ್ಸಲ್ಲ, ದಯವಿಟ್ಟು ಈಗ್ಲೇ ಇಂಜಿನ್ ಬಿಚ್ಚಿಸ್ಬೇಡಿ.

ಟರ್ಬೋ ಇಲ್ದಿರೋ ಇಂಜಿನ್ ಪ್ರತಿ ಸಾವಿರ ಅಡಿ ಎತ್ತರಕ್ಕೆ ಹೆಚ್ಚುಕಮ್ಮಿ 3% ಪವರ್ ಕಳ್ಕೊಳತ್ತೆ, ಯಾಕಂದ್ರೆ ಸಿಲಿಂಡರ್ ಒಳಗೆ ಹೋಗೋ ಗಾಳಿ ಅಷ್ಟೇ ಇದ್ರೂ ಅದ್ರಲ್ಲಿರೋ ಆಕ್ಸಿಜನ್ ಕಮ್ಮಿ. ಆದ್ರೆ ಎಲ್ರೂ ಮರೆಯೋದು ಬಿಸಿಲನ್ನ. 5000 ಅಡಿಯಲ್ಲಿ ಸ್ಟ್ಯಾಂಡರ್ಡ್ ಟೆಂಪರೇಚರ್ (ಲೆಕ್ಕಕ್ಕೆ ಹಿಡಿಯೋ ಮಾಮೂಲಿ ತಾಪಮಾನ) 5 ಡಿಗ್ರಿ, ಅದಕ್ಕಿಂತ ಒಂದೊಂದು ಡಿಗ್ರಿ ಏರಿದಾಗ್ಲೂ ಸುಮಾರು 120 ಅಡಿ ಸೇರಿಸ್ಕೊಳಿ, ಅಂದ್ರೆ 35 ಡಿಗ್ರಿ ಇದ್ರೆ ನಿಮ್ ಇಂಜಿನ್ ಪಾಲಿಗೆ ಅದು 8600 ಅಡಿ! ಇದನ್ನೇ ಡೆನ್ಸಿಟಿ ಆಲ್ಟಿಟ್ಯೂಡ್ ಅನ್ನೋದು, ಟ್ರ್ಯಾಕ್‌ನ ಎತ್ತರಕ್ಕಿಂತ ಇದನ್ನೇ ಬರೆದಿಟ್ಕೊಳಿ. ಸೆಖೆ ಗಾಳಿ ಭಾರ ಅನ್ಸತ್ತೆ, ನಿಜವಾಗ್ಲೂ ನೀರಾವಿ ಒಣಗಾಳಿಗಿಂತ ಹಗುರ, ಹಾಗಾಗಿ ತೇವಾಂಶನೂ ಸ್ವಲ್ಪ ಪವರ್ ತಿನ್ನತ್ತೆ.

ಅಮೆರಿಕದ ಡೆನ್ವರ್ ಹತ್ರ ಸುಮಾರು 5800 ಅಡಿ ಎತ್ತರದಲ್ಲಿದ್ದ ಬ್ಯಾಂಡಿಮಿಯರ್ ಟ್ರ್ಯಾಕಲ್ಲಿ ದೊಡ್ಡ ದೊಡ್ಡ ಟೀಮ್‌ಗಳೂ ಸೆಟಪ್ ಬದಲಾಯಿಸ್ಕೊಂಡೇ ಇಳಿತಿದ್ವು. ಟರ್ಬೋ ಗಾಡಿಗೆ ಹೊಡೆತ ಕಮ್ಮಿ, ಬೂಸ್ಟ್ (ಟರ್ಬೋ ಕೊಡೋ ಗಾಳಿಯ ಒತ್ತಡ) ಜಾಸ್ತಿ ಮಾಡಿ ಸರಿದೂಗಿಸ್ಬೋದು.

ಟ್ರ್ಯಾಕಲ್ಲಿ ಕೊಟ್ಟಿರೋ ನಿಮ್ ಟೈಮ್ ಸ್ಲಿಪ್‌ನಲ್ಲಿ ಮೊದಲು ಕೊನೆಯ ಸ್ಪೀಡ್ ನೋಡಿ. 60 ಅಡಿ ಟೈಮ್ (ಮೊದಲ 60 ಅಡಿ ದಾಟೋಕೆ ಹಿಡಿದ ಸಮಯ) ಹೆಚ್ಚುಕಮ್ಮಿ ಹಳೇದೇ ಇದ್ದು ಸ್ಪೀಡ್ ಇಳಿದಿದ್ರೆ ಗಾಳಿದೇ ಕೆಲಸ, 60 ಅಡಿನೇ ತುಂಬಾ ಕೆಟ್ಟಿದ್ರೆ ಟೈರ್ ಹಿಡಿತ, ಲಾಂಚ್ ಆರ್‌ಪಿಎಂ (ಹೊರಡೋವಾಗ ಇಂಜಿನ್ ತಿರುಗೋ ವೇಗ) ಕಡೆ ಗಮನ ಕೊಡಿ. ಕಾರ್ಬುರೇಟರ್ ಆಗಿದ್ರೆ ಮಿಕ್ಸ್ಚರ್ ರಿಚ್ ಆಗಿರತ್ತೆ (ಗಾಳಿಗೆ ಹೋಲಿಸಿದ್ರೆ ಪೆಟ್ರೋಲ್ ಜಾಸ್ತಿ), ಪೆಟ್ರೋಲ್ ಬಿಡೋ ಜೆಟ್ ಒಂದು ಸೈಜ್ ಇಳಿಸಿ ಇನ್ನೊಂದು ರನ್ ಮಾಡಿ ನೋಡಿ.