ನಿಂತೇ ಕೆಡುವ ಗಾಡಿ: ಹಳೇ ಮೋಟರ್‌ಹೋಮ್ ಬಗ್ಗೆ ನಿಮ್ಮ ಪ್ರಶ್ನೆ, ನನ್ನ ಉತ್ತರ

ಹೋದ ಸಂಚಿಕೆಯಲ್ಲಿ ನಮ್ಮ 2004ರ ಕೋಚ್ (ಅಡುಗೆಮನೆ, ಹಾಸಿಗೆ ಎಲ್ಲಾ ಒಳಗೇ ಇರುವ ಬಸ್ಸಿನಂಥ ಮೋಟರ್‌ಹೋಮ್) ಬಗ್ಗೆ ನಾಲ್ಕು ಸಾಲು ಬರೆದದ್ದೇ ತಪ್ಪಾಯ್ತು. ಅಡುಗೆ ಅಂಕಣಕ್ಕೆ ಬರುವಷ್ಟು ಪತ್ರ ಬಂದಿವೆ. ಹೊಸ ಓದುಗರಿಗೆ ಒಂದು ಮಾತು: ನಾನು ಶಿವಮೊಗ್ಗದ ಬಸ್ ಮೆಕ್ಯಾನಿಕ್ ಒಬ್ಬರ ಮಗಳು. ಈಗ ಅರಿಜೋನಾದ ಚ್ಯಾಂಡ್ಲರ್‌ನಲ್ಲಿ ನಿವೃತ್ತ ಜೀವನ. ಓಡಿಸುವುದು ಯಜಮಾನರು, ಗಾಡಿಯ ಕೆಳಗೆ ನುಗ್ಗಿ ರಿಪೇರಿ ನೋಡುವುದು ನಾನು.

ಪ್ರಶ್ನೆ: ಅಕ್ಕಾ, 2005ರ 40 ಅಡಿಯ ಡೀಸೆಲ್ ಪುಷರ್ (ಎಂಜಿನ್ ಹಿಂದಿರುವ ಮೋಟರ್‌ಹೋಮ್) ತಗೊಂಡಿದ್ದೇವೆ. ಓಡಿರುವುದು ಬರೀ 38 ಸಾವಿರ ಮೈಲಿ, ಟೈರ್ ಹೊಸದರ ಹಾಗಿವೆ. ಒಳಗೆ ಮಾತ್ರ ಎಲ್ಲಾ ಹಳೇ ಕಾಲದ್ದು. ಸೋಫಾ, ನೆಲ, ಅಡುಗೆ ಕಟ್ಟೆ, ಗಾಜಿನ ಮೇಲಿರುವ ಡಬ್ಬಾ ಟಿ.ವಿ. ಎಲ್ಲಾ ಬದಲಾಯಿಸಬೇಕು ಅಂತ ಮನೆಯವಳ ಆಸೆ. 25 ಸಾವಿರ ಡಾಲರ್ ಎತ್ತಿಟ್ಟಿದ್ದೇವೆ. ಎಲ್ಲಿಂದ ಶುರು ಮಾಡಲಿ?
— ಪ್ಲೇನೋ, ಟೆಕ್ಸಸ್

ಉತ್ತರ: ತಮ್ಮಾ, ಮೊದಲು ಸೋಫಾ ಅಂಗಡಿಯಿಂದ ಹೊರಗೆ ಬಾ. ಮಂಡಿಯೂರಿ ಟೈರಿನ ಪಕ್ಕ ಕೂರು. ಡಿ.ಒ.ಟಿ. ಅಂತ ಶುರುವಾಗುವ ಒಂದು ಸಾಲು ಅಲ್ಲಿದೆ, ಅದರ ಕೊನೆಯ ನಾಲ್ಕು ಅಂಕಿ ನೋಡು. 2314 ಅಂತಿದ್ದರೆ ಅದು 2014ರ 23ನೇ ವಾರದಲ್ಲಿ ಹುಟ್ಟಿದ ಟೈರ್. ಆ ಸಂಖ್ಯೆ ಒಂದೊಂದು ಸಲ ಒಳಮೈಗೆ ಇರುತ್ತೆ, ಟಾರ್ಚ್ ಹಿಡಿದು ಕೆಳಗೇ ನುಗ್ಗಬೇಕು. ಟೈರಿನ ಹಲ್ಲು ಸವೆದಿಲ್ಲ ಅಂತ ನೀನು ಖುಷಿಪಟ್ಟಿದ್ದೀಯ. ಲಾರಿ ಟೈರ್ ಓಡಿ ಸವೆಯುತ್ತೆ, ಮೋಟರ್‌ಹೋಮ್ ಟೈರ್ ನಿಂತು ಸಾಯುತ್ತೆ. ಬಿಸಿಲಿಗೆ ಒಳಗಿನ ರಬ್ಬರ್ ಒಣಗಿ ಬಿರಿದಿರುತ್ತೆ, ಹೊರಗಡೆ ಮಾತ್ರ ಮದುಮಗನ ಹಾಗೆ ಮಿಂಚುತ್ತಿರುತ್ತೆ. ನಾನು ಏಳು ವರ್ಷಕ್ಕೆ ತೆಗೆಸುತ್ತೇನೆ. ಹತ್ತು ದಾಟಿದ ಟೈರಿನಲ್ಲಿ ಪಕ್ಕದ ಬೀದಿಗೂ ಹೋಗಬೇಡ. ಹದಿನೈದು ಹದಿನಾರು ಟನ್ನಿನ ಗಾಡಿ ನಿನ್ನದು. ಮುಂದಿನ ಟೈರ್ ಸಿಡಿದರೆ ಸ್ಟೀರಿಂಗ್ ಕೈಲಿ ನಿಲ್ಲಲ್ಲ. ಇಂಥ ಗಾಡಿಗಳಲ್ಲಿ ಸಾಮಾನ್ಯವಾಗಿ ಸ್ಟೆಪ್ನಿಯೂ ಇರಲ್ಲ.

ಹಿಂದೆ ಜೋಡಿ ಟೈರ್ ಇದೆಯಲ್ಲ, ಒಳಗಿನದರಲ್ಲಿ ಗಾಳಿ ಹೋದರೆ ಹೊರಗಿನದು ಭಾರ ಹೊತ್ತು ನಿಂತಿರುತ್ತೆ, ಕಣ್ಣಿಗೆ ಗೊತ್ತಾಗಲ್ಲ. ನಮ್ಮಪ್ಪನ ಗ್ಯಾರೇಜಿನಲ್ಲಿ ಕ್ಲೀನರ್ ಹುಡುಗರು ಬೆಳಗ್ಗೆ ರಾಡ್ ಹಿಡಿದು ಒಂದೊಂದೇ ಟೈರ್ ಬಡಿಯುತ್ತಿದ್ದರು. ಟಣ್ ಅಂದರೆ ಸರಿ, ದಬ್ ಅಂದರೆ ಇಳಿಸು. ನಮ್ಮ ಕೋಚಿನಲ್ಲಿ ಗಾಳಿ ಒತ್ತಡ ತೋರಿಸುವ ಸೆನ್ಸರ್ ಹಾಕಿಸಿದ್ದೇನೆ, ಆದರೂ ಹೊರಡುವ ಮುಂಚೆ ರಾಡ್ ಬಡಿಯದೆ ನನಗೆ ಸಮಾಧಾನವಿಲ್ಲ. ಆರು ಟೈರಿಗೆ ನಾಲ್ಕು ಸಾವಿರ ಡಾಲರ್ ಚಿಲ್ಲರೆ ಕೊಟ್ಟೆ. ನಿನ್ನ 25 ಸಾವಿರದಲ್ಲಿ ಮೊದಲ ಕಂತು ಇದು.

ಎರಡನೆಯದು ಮಾಡು, ಅಂದರೆ ಚಾವಣಿ. ಗಾಡಿಯ ಮಾಡಪ್ಪಾ, ಮನೆಯದಲ್ಲ. ನಾವು ನಮ್ಮ ಕೋಚನ್ನು ಅರಿಜೋನಾದಲ್ಲಿ ಕೊಂಡೆವು. ಇಲ್ಲಿ ಮಳೆ ಅಂದರೆ ಹಬ್ಬ. ಮೊದಲ ನಿಜವಾದ ಮಳೆ ಸಿಕ್ಕಿದ್ದು ಆರೆಗಾನ್ ಕರಾವಳಿಯ ನ್ಯೂಪೋರ್ಟ್‌ನಲ್ಲಿ. ರಾತ್ರಿ ಎರಡು ಗಂಟೆಗೆ ಸಿಂಕಿನ ಮೇಲಿನ ಕಪಾಟಿನಿಂದ ತೊಟ ತೊಟ. ಯಜಮಾನರು ಬೆಳಗ್ಗೆ ಎದ್ದು ಸಿಂಕಿನ ನೇರ ಮೇಲೆ ಮಾಡಿಗೆ ಸೀಲೆಂಟ್ (ಸಂದು ಮುಚ್ಚುವ ಅಂಟು) ಮೆತ್ತಿ ಇಳಿದರು. ಮಾರನೇ ರಾತ್ರಿಯೂ ಅದೇ ತೊಟ ತೊಟ. ಹೆಂಚಿನ ಮನೆಯಲ್ಲಿ ಬೆಳೆದವಳು ನಾನು, ಹನಿ ಬೀಳುವ ಜಾಗ ಒಂದು, ಹೆಂಚು ಒಡೆದಿರುವ ಜಾಗ ಇನ್ನೊಂದು ಅಂತ ಅವರಿಗೆ ಹೇಳಬೇಕಾಯ್ತು. ಹುಡುಕಿದರೆ ಎಂಟು ಅಡಿ ಮುಂದೆ, ಗಾಡಿಯ ಹಣೆಯ ಮೇಲಿರುವ ಪುಟ್ಟ ಹಳದಿ ದೀಪದ ಗ್ಯಾಸ್ಕೆಟ್ (ನೀರು ತಡೆಯುವ ರಬ್ಬರ್ ಪಟ್ಟಿ) ಒಣಗಿ ಬಾಯಿಬಿಟ್ಟಿತ್ತು. ಗ್ಯಾಸ್ಕೆಟ್ ಬೆಲೆ ಮೂರು ಡಾಲರ್. ಅದರ ಹಿಂದೆ ಕೊಳೆತಿದ್ದ ಪ್ಲೈವುಡ್ ತೆಗೆಸಿ ಹೊಸದು ಹಾಕಿಸಲು ಸಾವಿರದ ಎಂಟುನೂರು.

ವರ್ಷಕ್ಕೆ ಎರಡು ಸಲ ಮೇಲೆ ಹತ್ತು. ಎ.ಸಿ., ಗಾಳಿಕಿಂಡಿ, ಆಂಟೆನಾ, ದೀಪ, ಎಲ್ಲದರ ಸುತ್ತ ಬೆರಳಾಡಿಸು. ಬಿರುಕಿದ್ದರೆ ಆ ಮಾಡಿಗೆ ಹೊಂದುವ, ತಾನೇ ಹರಡಿಕೊಳ್ಳುವ ಸೀಲೆಂಟ್ ಹಾಕು. ಬಚ್ಚಲಿಗೆ ಹಾಕುವ ಸಿಲಿಕೋನ್ ಮಾತ್ರ ಮುಟ್ಟಬೇಡ. ಒಂದು ಸಲ ಅದನ್ನು ಬಳಿದರೆ ಆಮೇಲೆ ಆ ಜಾಗಕ್ಕೆ ಬೇರೇನೂ ಅಂಟಲ್ಲ. ಪಕ್ಕದ ಗೋಡೆಯಲ್ಲಿ ಪೂರಿಯ ಹಾಗೆ ಉಬ್ಬು ಕಂಡರೆ ಒಳಗೆ ಆಗಲೇ ನೀರು ಹೋಗಿ ಪದರ ಬಿಟ್ಟಿದೆ ಅಂತ ಅರ್ಥ. ಆಗ ನುರಿತವರಿಗೆ ತೋರಿಸು.

ಆಮೇಲೆ ರಬ್ಬರು, ನೀರು, ಗಾಳಿ. ಇವಕ್ಕೂ ಮೈಲಿ ಲೆಕ್ಕ ಇಲ್ಲ, ವರ್ಷದ ಲೆಕ್ಕ. ಎಂಜಿನ್ ಹಿಂದೆ, ಹೀಟರ್ ಮುಂದೆ, ಹಾಗಾಗಿ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಪೈಪುಗಳು ಗಾಡಿಯುದ್ದಕ್ಕೂ ಓಡಿವೆ. 20 ವರ್ಷದ ಹೋಸ್ ಹಿಸುಕಿ ನೋಡು. ಬೆಲ್ಟ್, ಬ್ರೇಕಿನ ಗಾಳಿಯ ತೇವ ಹೀರುವ ಏರ್ ಡ್ರೈಯರ್ ಕಾರ್ಟ್ರಿಜ್, ಕುಲುಕು ತಡೆಯುವ ಸಸ್ಪೆನ್ಷನ್ನಿನ ಏರ್‌ಬ್ಯಾಗ್, ಕೂಲೆಂಟ್, ಎಂಜಿನ್ನಿನ ಏರ್ ಫಿಲ್ಟರ್, ಹಿಂದಿನ ಮಾಲೀಕರ ಬಿಲ್ ಕೈಲಿಲ್ಲ ಅಂದರೆ ಇವನ್ನೆಲ್ಲಾ ಮಾಡಿಸಿಲ್ಲ ಅಂತಲೇ ತಿಳಿ. ಗ್ಯಾಸ್ ಸೋರಿಕೆಯ ಅಲಾರಂ ಮತ್ತು ಕಾರ್ಬನ್ ಮೊನಾಕ್ಸೈಡ್ ಅಲಾರಂ ತಿರುಗಿಸಿ ತಾರೀಖು ನೋಡು. ಹಸಿರು ದೀಪ ಉರಿಯುತ್ತಿದ್ದರೂ ಅವಕ್ಕೆ ಆಯಸ್ಸು ಐದರಿಂದ ಹತ್ತು ವರ್ಷ ಅಷ್ಟೇ. ಜನರೇಟರನ್ನು ತಿಂಗಳಿಗೊಮ್ಮೆ ಎ.ಸಿ. ಹಾಕಿಕೊಂಡು ಒಂದು ಗಂಟೆ ಓಡಿಸು. ಸುಮ್ಮನೆ ಭಾರವಿಲ್ಲದೆ ಗುರ್ ಅನ್ನಿಸಿದರೆ ಪ್ರಯೋಜನ ಇಲ್ಲ.

ಇಷ್ಟಾದ ಮೇಲೆ ಉಳಿದ ದುಡ್ಡನ್ನು ಮನೆಯಾಕೆಯ ಕೈಗೆ ಕೊಡು. ಡಬ್ಬಾ ಟಿ.ವಿ. ತೆಗೆದ ಜಾಗದಲ್ಲಿ ನಾನು ಕಪಾಟು ಮಾಡಿಸಿದೆ, ಹೊದಿಕೆಗಳೆಲ್ಲಾ ಅಲ್ಲೇ. ನೆಲ ಬದಲಾಯಿಸುವ ಮುಂಚೆ ಸ್ಲೈಡ್, ಅಂದರೆ ಗಾಡಿ ನಿಂತಾಗ ಹೊರಗೆ ಚಾಚುವ ಕೋಣೆಯ ಭಾಗ, ಒಳಗೆ ಬಂದಾಗ ಅಡಿಯಲ್ಲಿ ಎಷ್ಟು ಸಂದು ಉಳಿಯುತ್ತೆ ಅಂತ ಅಳೆದುಕೋ. ಹೊಸ ನೆಲ ಕಾಲಿಂಚು ದಪ್ಪವಾದರೂ ಸ್ಲೈಡ್ ಅದನ್ನು ಕೆರೆದು ಹಾಕುತ್ತೆ. ಇನ್ನೊಂದು, ಟೆಕ್ಸಸ್‌ನಲ್ಲಿ 26 ಸಾವಿರ ಪೌಂಡ್ ಮೀರಿದ ಮೋಟರ್‌ಹೋಮಿಗೆ ಕ್ಲಾಸ್ ಬಿ ಲೈಸೆನ್ಸ್ ಬೇಕು. ನಿನ್ನದು ಖಂಡಿತ ಮೀರಿರುತ್ತೆ. ಮಾರುವವರು ಇದನ್ನು ಹೇಳುವುದಿಲ್ಲ.

ಪ್ರಶ್ನೆ: ಮೇಡಂ, ನಮ್ಮ ಕೋಚಿನ ಗ್ಯಾಸ್-ಕರೆಂಟ್ ಫ್ರಿಜ್ ಸರಿಯಾಗಿ ತಣ್ಣಗಾಗುವುದಿಲ್ಲ. ಮಧ್ಯಾಹ್ನದೊಳಗೆ ದೋಸೆ ಹಿಟ್ಟು ಉಕ್ಕಿ ಹೊರಗೆ ಬರುತ್ತೆ. ರಿಪೇರಿಯೋ, ಹೊಸದೋ?
— ಸ್ಯಾಕ್ರಮೆಂಟೊ

ಉತ್ತರ: ಹೊಸದು. ಆ ಫ್ರಿಜ್ಜಿನಲ್ಲಿ ಕಂಪ್ರೆಸರ್ ಇಲ್ಲ. ಹಿಂಭಾಗದ ಕೊಳವೆಗಳಲ್ಲಿ ಅಮೋನಿಯಾ, ನೀರು, ಹೈಡ್ರೋಜನ್ ಇವೆ. ಅಡಿಯಲ್ಲಿ ಗ್ಯಾಸಿನ ಬೆಂಕಿಯೋ ಕರೆಂಟಿನ ಕಾಯಿಲೋ ಕಾಯಿಸುತ್ತೆ, ಅಮೋನಿಯಾ ಆವಿಯಾಗಿ ಮೇಲೇರಿ, ದ್ರವವಾಗಿ, ಮತ್ತೆ ಆವಿಯಾಗುವಾಗ ತಂಪು ಕೊಡುತ್ತೆ. ಪಂಪ್ ಇಲ್ಲ. ವಾಪಸ್ ಬರುವುದೆಲ್ಲಾ ತನ್ನ ಭಾರಕ್ಕೆ ತಾನೇ ಹರಿದು ಬರಬೇಕು. ಅದಕ್ಕೇ ಗಾಡಿ ಸಮತಟ್ಟಾಗಿ ನಿಂತಿರಬೇಕು ಅನ್ನುವುದು. ಓರೆಯಾಗಿ ನಿಲ್ಲಿಸಿ ಫ್ರಿಜ್ ಹಾಕಿದರೆ ದ್ರವ ಒಂದು ಕಡೆ ನಿಲ್ಲುತ್ತೆ, ಖಾಲಿ ಕೊಳವೆ ಬಿಸಿಯಾಗುತ್ತಲೇ ಇರುತ್ತೆ, ಒಳಗಿನ ತುಕ್ಕು ತಡೆಯುವ ರಾಸಾಯನಿಕ ಗಟ್ಟಿಯಾಗಿ ಕೂರುತ್ತೆ. ಈ ಕೆಡುಕು ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಸೇರುತ್ತಾ ಹೋಗುತ್ತೆ, ವಾಪಸ್ ಸರಿಹೋಗುವಂಥದ್ದಲ್ಲ. ಕೊಳವೆ ಸೀಳಿದರೆ ಹೈಡ್ರೋಜನ್ ಹೊರಗೆ, ಪಕ್ಕದಲ್ಲೇ ಬೆಂಕಿ. ಹಿಂದಿನ ಬಾಗಿಲು ತೆಗೆದು ನೋಡಿ. ಹಳದಿ ಪುಡಿ ಕಂಡರೆ, ಅಥವಾ ಮೂಗಿಗೆ ಹೊಡೆಯುವ ಅಮೋನಿಯಾ ವಾಸನೆ ಬಂದರೆ, ಈ ಪತ್ರಿಕೆ ಕೆಳಗಿಟ್ಟು ಮೊದಲು ಅದನ್ನು ಆರಿಸಿ.

ಬದಲಿಗೆ ಮನೆಯಲ್ಲಿ ಬಳಸುವಂಥ ಕಂಪ್ರೆಸರ್ ಫ್ರಿಜ್, ಇಲ್ಲವೇ 12 ವೋಲ್ಟಿನದು. ನಾನು ಮನೆಯದನ್ನೇ ಹಾಕಿಸಿದೆ. ಕೋಚಿನ ಬಾಗಿಲಲ್ಲಿ ಅದು ಹಿಡಿಸಲಿಲ್ಲ. ಪಕ್ಕದ ಕಿಟಕಿಯ ಚೌಕಟ್ಟು ಬಿಚ್ಚಿ ಮದುವೆ ಮನೆಗೆ ಬೀರು ಇಳಿಸುವ ಹಾಗೆ ನಾಲ್ಕು ಜನ ಎತ್ತಿ ಒಳಗಿಟ್ಟರು. ಹಳೇ ಗ್ಯಾಸ್ ಪೈಪಿನ ಬಾಯನ್ನು ಬಲ್ಲವರಿಂದಲೇ ಮುಚ್ಚಿಸಿ, ಅದರಲ್ಲಿ ಜಿಪುಣತನ ಬೇಡ. ಫ್ರಿಜ್ ಬಾಗಿಲಿಗೆ ಚಿಲಕ ಹಾಕಿಸಿ. ಇಲ್ಲದಿದ್ದರೆ ಮೊದಲ ತಿರುವಿನಲ್ಲೇ ಸಾರಿನ ಪಾತ್ರೆ ನೆಲಕ್ಕೆ ಅಭಿಷೇಕ ಮಾಡುತ್ತೆ.

ಪ್ರಶ್ನೆ: ಎಲ್ಲರೂ ಲಿಥಿಯಂ ಬ್ಯಾಟರಿ ಹಾಕಿಸಿ ಅಂತಾರೆ. ನಿಜಕ್ಕೂ ಬೇಕಾ? ನಮ್ಮಲ್ಲಿ ಚಳಿ ವಿಪರೀತ.
— ಮಿನಿಯಾಪೊಲಿಸ್

ಉತ್ತರ: ನೀವು ರಾತ್ರಿ ಎಲ್ಲಿ ತಂಗುತ್ತೀರಿ ಅನ್ನುವುದರ ಮೇಲೆ ಹೋಗುತ್ತೆ. ಪ್ರತಿ ರಾತ್ರಿ ಕ್ಯಾಂಪ್‌ಗ್ರೌಂಡಿನ 50 ಆಂಪ್ ಕರೆಂಟ್ ಕಂಬಕ್ಕೆ ಸಿಕ್ಕಿಸುವವರಾದರೆ ಬೇಡವೇ ಬೇಡ. ಕಾಡಿನಲ್ಲೋ ಮರುಭೂಮಿಯಲ್ಲೋ ನಾಲ್ಕು ದಿನ ನಿಲ್ಲುವವರಾದರೆ ಹಾಕಿಸಿ.

ನಮ್ಮ ಲೆಕ್ಕ ಹೇಳುತ್ತೇನೆ. ಮೊದಲು 6 ವೋಲ್ಟಿನ ನಾಲ್ಕು ಸೀಸದ ಬ್ಯಾಟರಿ ಇದ್ದವು. ತೂಕ 110 ಕಿಲೋ, 12 ವೋಲ್ಟಿನಲ್ಲಿ 440 ಆಂಪಿಯರ್-ಅವರ್ (ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಹಿಡಿಸುತ್ತೆ ಅನ್ನುವ ಅಳತೆ). ಅರ್ಧಕ್ಕಿಂತ ಹೆಚ್ಚು ಹೀರಿದರೆ ಆಯಸ್ಸು ಕಡಿಮೆಯಾಗುತ್ತೆ, ಅಂದರೆ ಕೈಗೆ ಸಿಗುವುದು 220. ಈಗ 100 ಆಂಪಿಯರ್-ಅವರಿನ ಮೂರು ಲಿಥಿಯಂ, ತೂಕ ನಲವತ್ತು ಕಿಲೋ ಒಳಗೆ, 300ರಲ್ಲಿ 240 ಧಾರಾಳವಾಗಿ ಸಿಗುತ್ತೆ. ಫ್ರಿಜ್ ಮತ್ತು ಇನ್ವರ್ಟರ್ ಸೇರಿ ದಿನಕ್ಕೆ ಸುಮಾರು 150 ತಿನ್ನುತ್ತವೆ. ಉಳಿದದ್ದರಲ್ಲಿ ದೀಪ, ಫ್ಯಾನ್, ಮಿಕ್ಸಿಯಲ್ಲಿ ಒಂದು ಚಟ್ನಿ.

ಆದರೆ ಹಳೇ ಬ್ಯಾಟರಿ ತೆಗೆದು ಅದೇ ತಂತಿಗೆ ಹೊಸದು ಸಿಕ್ಕಿಸಿದರೆ ಮುಗಿಯಲಿಲ್ಲ. ಊರಿನ ಒಂದು ವರ್ಕ್‌ಶಾಪಿನವರು ನಮಗೆ ಹಾಗೇ ಮಾಡಿಕೊಟ್ಟರು. ಲಿಥಿಯಂ ಕೊಟ್ಟಷ್ಟೂ ಕುಡಿಯುತ್ತೆ, ಸಾಕು ಅನ್ನುವುದಿಲ್ಲ. ಫ್ಲ್ಯಾಗ್‌ಸ್ಟಾಫ್ ಏರು ಹತ್ತುವಾಗ ಹಿಂದಿನಿಂದ ಸುಟ್ಟ ವಾಸನೆ. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಸುಟ್ಟು ಹೋಗಿತ್ತು. ಅದಕ್ಕೂ ಬ್ಯಾಟರಿಗೂ ಮಧ್ಯೆ ಒಂದು ಡಿ.ಸಿ.-ಟು-ಡಿ.ಸಿ. ಚಾರ್ಜರ್ ಹಾಕಿಸಿ, ಎಳೆಯುವ ಕರೆಂಟಿಗೆ ಅದು ಮೂಗುದಾರ. ಇನ್ವರ್ಟರಿನ ಚಾರ್ಜರ್ ಲಿಥಿಯಂ ಸೆಟ್ಟಿಂಗ್ ಒಪ್ಪುತ್ತದೋ ನೋಡಿ. ಎಂಜಿನ್ ಸ್ಟಾರ್ಟ್ ಮಾಡುವ ಬ್ಯಾಟರಿ ಸೀಸದ್ದೇ ಇರಲಿ.

ನಿಮ್ಮ ಚಳಿಯ ಮಾತು: ಸೊನ್ನೆ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಲಿಥಿಯಂ ಬ್ಯಾಟರಿಯನ್ನು ಚಾರ್ಜ್ ಮಾಡಬಾರದು, ಒಳಗೆ ಶಾಶ್ವತವಾಗಿ ಕೆಡುತ್ತೆ. ಒಳಗೇ ಹೀಟರ್ ಇರುವ ಬ್ಯಾಟರಿ ತಗೊಳ್ಳಿ. ಚಳಿಗಾಲಕ್ಕೆ ಗಾಡಿ ನಿಲ್ಲಿಸುವಾಗ ನೀರಿನ ಕೊಳವೆಗೆ ಹೆಪ್ಪುಗಟ್ಟಿ ಒಡೆಯದ ಹಾಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ತುಂಬುವುದು ನಿಮಗೆ ನಾನು ಹೇಳಬೇಕಿಲ್ಲ.

ಪ್ರಶ್ನೆ: ಶೌಚದ ಟ್ಯಾಂಕಿನಿಂದ ಸದಾ ವಾಸನೆ. ಯಾವ ಕೆಮಿಕಲ್ ಹಾಕಲಿ?
— ಹೆಸರು ಬೇಡ ಅಂದವರು

ಉತ್ತರ: ನೀರು. ಕ್ಯಾಂಪ್‌ಗ್ರೌಂಡಿನಲ್ಲಿ ಆ ಟ್ಯಾಂಕಿನ ವಾಲ್ವ್ ತೆರೆದೇ ಇಟ್ಟಿರುತ್ತೀರಿ, ಅಲ್ಲವೇ? ನೀರೆಲ್ಲಾ ಹರಿದು ಹೋಗಿ ಮಿಕ್ಕದ್ದು ಗೋಪುರ ಕಟ್ಟಿದೆ. ಮುಚ್ಚಿಡಿ, ಮುಕ್ಕಾಲು ತುಂಬಿದ ಮೇಲೆ ಬಿಡಿ.

ಪ್ರಶ್ನೆ: ನಮ್ಮ ಕೋಚ್ ತಯಾರಿಸಿದ ಆರೆಗಾನ್ ಕಂಪನಿ ಮುಚ್ಚಿ ಎಷ್ಟೋ ವರ್ಷವಾಯ್ತು. ಬಿಡಿಭಾಗಕ್ಕೆ ಎಲ್ಲಿಗೆ ಹೋಗುವುದು?
— ಸಿಯಾಟಲ್

ಉತ್ತರ: ನಮ್ಮದೂ ಅದೇ ಕಡೆಯ ತಬ್ಬಲಿ. 2008ರ ಆರ್ಥಿಕ ಕುಸಿತದ ನಂತರ ಮೊನಾಕೊ, ಕಂಟ್ರಿ ಕೋಚ್ ಎರಡೂ 2009ರಲ್ಲಿ ದಿವಾಳಿ ಎದ್ದವು. ಹೆದರಬೇಡಿ. ಎಂಜಿನ್ ಕಮಿನ್ಸ್, ಗೇರ್‌ಬಾಕ್ಸ್ ಆಲಿಸನ್, ಜನರೇಟರ್ ಓನನ್, ಇವೆಲ್ಲಾ ಲಾರಿ-ಬಸ್ ಲೋಕದವು. ಲಾರಿ ರಿಪೇರಿಯವರಲ್ಲಿಗೆ ಹೋಗಿ, ಮೋಟರ್‌ಹೋಮ್ ಅಂಗಡಿಗಿಂತ ಬೇಗ ಆಗುತ್ತೆ. ಕಷ್ಟ ಇರುವುದು ಮೈಗೆ: ಮುಂದಿನ ಗಾಜು, ಅಂಚುಪಟ್ಟಿ, ದೀಪ. ದೀಪ ಬಿಚ್ಚಿ ಬೆನ್ನ ಮೇಲಿನ ನಂಬರ್ ಓದಿ. ನಮ್ಮ ಹಿಂದಿನ ದೀಪ ಯಾವುದೋ ಹಳೇ ಕಾರಿನದು ಅಂತ ಹಾಗೇ ಪತ್ತೆಯಾಯ್ತು, ಗುಜರಿಯಲ್ಲಿ ಇಪ್ಪತ್ತು ಡಾಲರಿಗೆ ಎರಡು ಸಿಕ್ಕವು. ಒಂದನ್ನು ಮಂಚದ ಕೆಳಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ನನ್ನ ತಮ್ಮನ ಮಗ ಟೆಕ್ಸಸ್‌ನಲ್ಲಿ 2006ರ ಮೋಟರ್‌ಹೋಮ್ ಮಾರುತ್ತಿದ್ದಾನೆ. ಹಡಗಿನಲ್ಲಿ ತರಿಸಿ ಇಲ್ಲಿ ಮಲೆನಾಡು ಸುತ್ತೋಣ ಅಂತ. ಸಾಧ್ಯವೇ?
— ನಿವೃತ್ತ ಉಪನ್ಯಾಸಕರು, ಮೈಸೂರು

ಉತ್ತರ: ಸರ್, ಆಗುವುದಿಲ್ಲ. ಭಾರತಕ್ಕೆ ತರುವ ಹಳೇ ವಾಹನ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಗಡೆ ಇರಬೇಕು. ಇದಕ್ಕೆ ಸ್ಟೀರಿಂಗ್ ಎಡಕ್ಕೆ, ವಯಸ್ಸು ನಿಮ್ಮ ಮೊಮ್ಮಗನಷ್ಟು. ಒಳಗಿನ ಪ್ಲಗ್ ಉಪಕರಣಗಳು 120 ವೋಲ್ಟಿನವು, ನಿಮ್ಮ ಮನೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಅಲ್ಲೇ ಪಟಾಕಿ. ಅದೂ ಅಲ್ಲದೆ 40 ಅಡಿಯ ಗಾಡಿ ಆಗುಂಬೆಯ ಹೇರ್‌ಪಿನ್ ತಿರುವಿನಲ್ಲಿ ಸಿಕ್ಕಿಕೊಂಡರೆ ಹಿಂದೆ ಉಡುಪಿವರೆಗೂ ಸಾಲು ನಿಲ್ಲುತ್ತೆ. ಬೆಂಗಳೂರಿನಲ್ಲಿ ಕ್ಯಾರವಾನ್ ಬಾಡಿಗೆಗೆ ಸಿಗುತ್ತೆ, ಮಲೆನಾಡಿಗೆ ಅದು ಸಾಕು. ದೊಡ್ಡದರಲ್ಲೇ ಕೂರಬೇಕು ಅಂದರೆ ಅಕ್ಟೋಬರಿನಲ್ಲಿ ಇತ್ತ ಬನ್ನಿ. ನಮ್ಮ ಸೋಫಾ ಬಿಚ್ಚಿದರೆ ಹಾಸಿಗೆ, ಅದು ಇನ್ನೂ 2004ರದ್ದೇ. ಬರುವಾಗ ಎರಡು ಕಿಲೋ ಚಟ್ನಿಪುಡಿ ಇರಲಿ.