ಹಳೆಯ ಹಾರ್ನ್‌ಬಿ ಆಟಿಕೆ ರೈಲಿಗೆ ಹೊಸ ಬಣ್ಣ ಬಳಿಯಬಹುದೇ?

ತಾತನವರ ಪೆಟ್ಟಿಗೆಯಲ್ಲಿ ಸಿಕ್ಕ, ಕೀ ಕೊಟ್ಟು ಓಡಿಸುವ ಹಾರ್ನ್‌ಬಿ ಎಂಜಿನ್ ಅಲುಗಾಡುತ್ತಿಲ್ಲ, ಬಣ್ಣವೂ ಅಲ್ಲಲ್ಲಿ ಎದ್ದಿದೆ, ಅದನ್ನು ಹೊಸದರಂತೆ ಮಾಡುವುದು ಹೇಗೆ ಎಂದು ಕೇಳಿದ್ದೀರಿ. ಓಡುವಂತೆ ಮಾಡಿ, ಆದರೆ ಹೊಸದರಂತೆ ಮಾಡುವ ಆಸೆಯನ್ನು ಬಿಡಿ ಎಂಬುದು ನನ್ನ ಸಲಹೆ.

ಲಿವರ್‌ಪೂಲಿನ ಮೆಕ್ಯಾನೊ ಕಂಪನಿ ಹಾರ್ನ್‌ಬಿ ಹೆಸರಿನಲ್ಲಿ 1920ರಲ್ಲಿ ಮಾರುಕಟ್ಟೆಗೆ ತಂದ ‘ಓ ಗೇಜ್’ ಅಳತೆಯ ರೈಲುಗಳಿಗೆ ಎರಡು ಹಳಿಗಳ ನಡುವಿನ ಅಂತರ 32 ಮಿ.ಮೀ.; 1938ರಲ್ಲಿ ಬಂದ ಡಬ್ಲೊ ಸರಣಿಯದು 16.5 ಮಿ.ಮೀ. ನಿಮ್ಮದು ಯಾವುದೆಂದು ಮೊದಲು ಖಚಿತಪಡಿಸಿಕೊಂಡರೆ ಬಿಡಿಭಾಗ ಹುಡುಕುವುದು ಸುಲಭ.

ಇಂತಹ ಎಂಜಿನ್ ನಿಂತುಹೋಗಲು ಬಹುಪಾಲು ಕಾರಣ ಹಲ್ಲುಚಕ್ರಗಳ ನಡುವೆ ಗಟ್ಟಿಯಾಗಿ ಅಂಟಿಕೊಂಡ ಹಳೆಯ ಗ್ರೀಸ್. ಬಿಚ್ಚುವ ಮೊದಲು ಸ್ಪ್ರಿಂಗಿನ ಬಿಗಿಯನ್ನು ಪೂರ್ತಿ ಇಳಿಸಲೇಬೇಕು, ಏಕೆಂದರೆ ಬಿಗಿಯಾಗಿ ಸುತ್ತಿದ ಉಕ್ಕಿನ ಪಟ್ಟಿ ಒಮ್ಮೆಲೇ ಚಿಮ್ಮಿದರೆ ಬೆರಳು ಕುಯ್ಯುತ್ತದೆ. ಯಂತ್ರಭಾಗವನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಬ್ರಷ್‌ನಿಂದ ತೊಳೆದು, ಚೆನ್ನಾಗಿ ಒಣಗಿಸಿದ ಮೇಲೆ, ಹೊಲಿಗೆ ಯಂತ್ರಕ್ಕೆ ಹಾಕುವ ತೆಳು ಎಣ್ಣೆಯನ್ನು ಸೂಜಿಯ ತುದಿಯಿಂದ ಅಚ್ಚುಗಳಿಗೆ ಮಾತ್ರ ಮುಟ್ಟಿಸಿ. ಹೆಚ್ಚು ಸುರಿದಷ್ಟೂ ಧೂಳು ಹಿಡಿಯುತ್ತದೆ. ಸ್ಪ್ರಿಂಗ್ ತುಂಡಾಗಿದ್ದರೂ ಅದು ತುದಿಯ ಕೊಕ್ಕೆಯ ಬಳಿಯೇ ಆಗಿದ್ದರೆ, ಆ ತುದಿಯನ್ನಷ್ಟೇ ಕಾಯಿಸಿ ಮೆದು ಮಾಡಿ ಹೊಸ ತೂತು ಕೊರೆಯಬಹುದು.

ಚಕ್ರಗಳಲ್ಲಿ ಕೂದಲೆಳೆಯಂಥ ಬಿರುಕುಗಳಿವೆಯೇ ನೋಡಿ. ಎರಡನೇ ಮಹಾಯುದ್ಧಕ್ಕಿಂತ ಮುಂಚಿನ ಸತುವಿನ ಎರಕದಲ್ಲಿ ಸೀಸದಂತಹ ಕಲ್ಮಶ ಬೆರೆತಿದ್ದರೆ ಲೋಹವು ಒಳಗಿನಿಂದಲೇ ಉಬ್ಬಿ, ಬಿರಿದು, ಕೊನೆಗೆ ಹಳೆಯ ಬಿಸ್ಕತ್ತಿನಂತೆ ಉದುರುತ್ತದೆ. ಇದಕ್ಕೆ ಮದ್ದಿಲ್ಲ; ಚಕ್ರ ಬದಲಿಸುವುದೊಂದೇ ದಾರಿ.

ಇನ್ನು ಬಣ್ಣದ ಮಾತು. ಅಗ್ಗದ ಮಾದರಿಗಳಲ್ಲಿ ಬಣ್ಣವನ್ನು ಬಳಿದಿರಲಿಲ್ಲ, ತಗಡಿನ ಮೇಲೆ ನೇರವಾಗಿ ಅಚ್ಚು ಹಾಕಿರುತ್ತಿದ್ದರು. ಅದರ ಮೇಲೆ ಥಿನ್ನರ್ ಸೋಕಿದರೆ ಅಕ್ಷರ, ಅಂಚುಗೆರೆ ಎಲ್ಲವೂ ಬಟ್ಟೆಗೆ ಬಂದುಬಿಡಬಹುದು. ಒದ್ದೆ ಬಟ್ಟೆ, ಒಂದು ಹನಿ ಸೌಮ್ಯ ಸೋಪು ಸಾಕು, ಅದನ್ನೂ ಮೊದಲು ಅಡಿಭಾಗದಲ್ಲಿ ಪರೀಕ್ಷಿಸಿ. ಆ ಕಾಲದ ಬಣ್ಣದಲ್ಲಿ ಸೀಸ ಇರಬಹುದಾದ್ದರಿಂದ ಉಪ್ಪುಕಾಗದ ಹಾಕಿ ಉಜ್ಜುವುದಂತೂ ಬೇಡವೇ ಬೇಡ. ಮನೆಯಲ್ಲಿ ಮಕ್ಕಳಿದ್ದರೆ ಇನ್ನೂ ಎಚ್ಚರ. ಸಂಗ್ರಾಹಕರು ಸಾಮಾನ್ಯವಾಗಿ ಮಾಸಿದ ಮೂಲ ಬಣ್ಣಕ್ಕೇ ಹೆಚ್ಚು ಬೆಲೆ ಕೊಡುತ್ತಾರೆ (ಈ ವಿಷಯದಲ್ಲಿ ನಾನೂ ಅವರ ಪಕ್ಷವೇ). ಹಿಂದೆ ಯಾರೋ ಮೂಲ ಬಣ್ಣವನ್ನು ಪೂರ್ತಿ ಕೆರೆದು ಮನೆಯ ಬಾಗಿಲಿನ ಪೇಂಟ್ ಹಚ್ಚಿದ್ದರೆ ಮಾತ್ರ ಹೊಸ ಬಣ್ಣದ ಬಗ್ಗೆ ಯೋಚಿಸಬಹುದು.