ಒಂದು ಕಾರ್ಡ್ ಸೌದೆ ಅಂದರೆ ಎಷ್ಟು? ಟೇಪ್ ಹಿಡಿದೇ ನೋಡಿ

ಅಕ್ಕಾ ಅಂತ ಕರೆದು ಕೇಳಿದ್ದೀರಿ, ಅಕ್ಕನ ಸಲುಗೆಯಲ್ಲೇ ಹೇಳುತ್ತೇನೆ. ಅಮೆರಿಕದ ಮೇನ್ ರಾಜ್ಯಕ್ಕೆ ಈಗಷ್ಟೇ ಬಂದಿದ್ದೀರಿ. ಬಾಡಿಗೆ ಮನೆಯಲ್ಲಿ ಸೌದೆ ಒಲೆ ಇದೆ. ಸೆಪ್ಟೆಂಬರ್ ಮುಗಿಯುತ್ತಾ ಬಂತು, "ಒಂದು ಕಾರ್ಡ್ ಒಣ ಸೌದೆ ತಂದು ಹಾಕುತ್ತೇನೆ" ಅಂತ ಒಬ್ಬ ಹೇಳಿದ್ದಾನೆ. ಕಾರ್ಡ್ ಅಂದರೆ ಎಷ್ಟು, ಚಳಿಗಾಲಕ್ಕೆ ಎಷ್ಟು ಬೇಕು, ಅವನನ್ನು ನಂಬಬಹುದಾ, ಇಷ್ಟೇ ಅಲ್ವಾ ನಿಮ್ಮ ಪ್ರಶ್ನೆ?

ಎಷ್ಟು ಬೇಕು ಅನ್ನೋದು ಮನೆಯ ಮೇಲೆ ಹೋಗುತ್ತದೆ. ಮಾಲೀಕರನ್ನು ಕೇಳಿ, ನಿಮಗಿಂತ ಮುಂಚೆ ಇದ್ದವರು ಸಿಕ್ಕರೆ ಅವರನ್ನೇ ಕೇಳಿ. ಅಳತೆಯ ವಿಷಯ ಮಾತ್ರ ನಾನು ಬಿಡಿಸಿ ಹೇಳಲೇಬೇಕು.

ಊರಿನ ಸೌದೆ ಡಿಪೋದಲ್ಲಿ ಕಾಟಾ ಇರುತ್ತದೆ, ಕ್ವಿಂಟಾಲ್ ಲೆಕ್ಕ. ಹಸಿ ಸೌದೆ ಕೊಟ್ಟರೆ ನೀರಿಗೂ ದುಡ್ಡು ಕೊಟ್ಟ ಹಾಗೆ, ಅದು ನಿಮಗೆ ಹೇಳಬೇಕಾಗಿಲ್ಲ. ಇಲ್ಲಿ ತೂಕದ ಮಾತೇ ಇಲ್ಲ. ಸೌದೆ ಎಷ್ಟು ಜಾಗ ಹಿಡಿಯುತ್ತದೆ ಅನ್ನೋದೇ ಲೆಕ್ಕ. ಒತ್ತಾಗಿ ಒಟ್ಟಿದ ಮೇಲೆ 4 ಅಡಿ ಎತ್ತರ, 4 ಅಡಿ ಅಗಲ, 8 ಅಡಿ ಉದ್ದ ಬಂದರೆ ಒಂದು ಕಾರ್ಡ್, ಅಂದರೆ 128 ಘನ ಅಡಿ. ಅದರಲ್ಲೂ ಸಂದಿಗೊಂದಿಯ ಗಾಳಿ ಕಳೆದರೆ ನಿಜವಾದ ಮರ 80ರಿಂದ 90 ಘನ ಅಡಿ ಇರಬಹುದು. ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

ತೊಂದರೆ ಶುರುವಾಗುವುದು 'ಫೇಸ್ ಕಾರ್ಡ್' ಅನ್ನೋದರಿಂದ. ಒಲೆಗೆ ಹಾಕುವ ಸೀಳು ಸಾಮಾನ್ಯವಾಗಿ 16 ಅಂಗುಲ ಉದ್ದ ಇರುತ್ತದೆ. ಅಂಥದ್ದನ್ನು 4 ಅಡಿ ಎತ್ತರ, 8 ಅಡಿ ಉದ್ದಕ್ಕೆ ಒಂದೇ ಸಾಲು ಒಟ್ಟಿದರೆ ಮುಂದಿನಿಂದ ನೋಡುವವರಿಗೆ ಪೂರ್ತಿ ಕಾರ್ಡ್ ಥರಾನೇ ಕಾಣುತ್ತದೆ. ಇರುವುದು ಮಾತ್ರ ಮೂರರಲ್ಲಿ ಒಂದು ಭಾಗ. ಅಂಥ ಮೂರು ಸಾಲು ಸೇರಿದರೆ ಒಂದು ಕಾರ್ಡ್.

ನಾನು ಬಂದ ವರ್ಷ ನಮಗೆ ಬಂದದ್ದು ಅದೇ. ಕತ್ತಲಾಗುವ ಹೊತ್ತಿಗೆ ಟ್ರಕ್ ಬಂತು, ಅಂಗಳಕ್ಕೆ ಸುರಿಯಿತು, ದುಡ್ಡು ಇಸಕೊಂಡು ಹೋಯಿತು. ಸುರಿದ ಸೌದೆ ಯಾವಾಗಲೂ ಗುಡ್ಡದ ಹಾಗೇ ಕಾಣುತ್ತದೆ. ಮಾರನೆಯ ದಿನ ನಾನೂ ಯಜಮಾನರೂ ಒಟ್ಟಲು ನಿಂತೆವು. ಒಂದು ಸಾಲು ಮುಗಿಯಿತು, ಎರಡನೆಯದಕ್ಕೆ ಕೈ ಹಾಕಿದರೆ ಅಂಗಳದಲ್ಲಿ ತೊಗಟೆ ಚೂರು ಬಿಟ್ಟರೆ ಏನೂ ಇಲ್ಲ. ಪಕ್ಕದ ಮನೆಯ ಅಜ್ಜಿ ಬೇಲಿಯ ಆಚೆಯಿಂದ ನೋಡಿ ಮೂರು ಬೆರಳು ಎತ್ತಿದರು, ಎರಡನ್ನು ಮಡಚಿದರು. ಅಷ್ಟರಲ್ಲೇ ಅರ್ಥವಾಯಿತು.

ಫೋನ್ ಮಾಡಿದರೆ ಆ ಮನುಷ್ಯ "ಮೇಡಂ, ಅದೇ ಕಾರ್ಡ್" ಅಂದ. ಯಜಮಾನರು ಬಿಡು ಅಂದರು, ನಾನು ಬಿಟ್ಟೆ. ದುಡ್ಡು ಹೋಗಿದ್ದು ಅಂಥ ದೊಡ್ಡದಲ್ಲ. ಊರಲ್ಲಿ ಕಾಟಾದ ಮುಳ್ಳು ನೋಡಿ ತಗಾದೆ ತೆಗೆಯುತ್ತಿದ್ದವಳು ನಾನು. ಇಲ್ಲಿ ನನ್ನ ಇಂಗ್ಲಿಷ್ ಕೇಳಿ ಏನಂದುಕೊಳ್ಳುತ್ತಾರೋ, ಹೊಸಬರು ಬಂದ ಕೂಡಲೇ ಜಗಳಕ್ಕೆ ನಿಂತರು ಅನ್ನುತ್ತಾರೋ ಅಂತ ಬಾಯಿ ಕಟ್ಟಿತ್ತು. ಅದು ಈಗಲೂ ಚುಚ್ಚುತ್ತದೆ. ಕಾನೂನು ಪೂರ್ತಿ ನನ್ನ ಕಡೆಗೇ ಇತ್ತು ಅಂತ ಆಮೇಲೆ ತಿಳಿದಾಗ ಇನ್ನೂ ಜಾಸ್ತಿ.

ಹೌದು, ಕಾನೂನು ಇದೆ. ಮೇನ್‌ನಲ್ಲಿ ಕಾರ್ಡ್ ಅಂದರೆ ಅದೇ 128 ಘನ ಅಡಿ. ಒಟ್ಟದೆ ಸುರಿದು ಕೊಡುವುದಾದರೆ ಸಂದಿ ಜಾಸ್ತಿ, ಅದಕ್ಕೇ 12 ಅಥವಾ 16 ಅಂಗುಲದ ಸೀಳಿಗೆ 180 ಘನ ಅಡಿ, 24 ಅಂಗುಲದ್ದಕ್ಕೆ 195. ಅಳತೆ ಮತ್ತು ತೂಕದ ಇಲಾಖೆಗೆ ದೂರು ಕೊಡಬಹುದು. ಆದರೆ ಅಲ್ಲಿಯವರೆಗೆ ಒಂದು ಸೀಳನ್ನೂ ಒಲೆಗೆ ಹಾಕಬೇಡಿ. ಮೊದಲು ಒಟ್ಟಿ, ಟೇಪ್ ಹಿಡಿದು ಫೋಟೋ ತೆಗೆದುಕೊಳ್ಳಿ, ಮಾರಿದವನಿಗೆ ಹೇಳಿ. ರಸೀದಿಯಲ್ಲಿ ಅವನ ಹೆಸರು, ಎಷ್ಟು ಕಾರ್ಡ್, ಎಷ್ಟು ದುಡ್ಡು ಎಲ್ಲ ಇರಲಿ. 'ಒಂದು ಲೋಡು' ಅಂದರೆ ಒಪ್ಪಬೇಡಿ. 8 ಅಡಿ ತೊಟ್ಟಿಯ ಪಿಕಪ್ ಟ್ರಕ್ಕಿಗೆ ಅಂಚಿನ ಮಟ್ಟಕ್ಕೆ ಒತ್ತಾಗಿ ಜೋಡಿಸಿದರೂ ಹಿಡಿಯುವುದು ಸುಮಾರು ಅರ್ಧ ಕಾರ್ಡ್. ಒಂದೇ ಸಲ ಪಿಕಪ್‌ನಲ್ಲಿ ತಂದು ಪೂರ್ತಿ ಕಾರ್ಡ್ ಅಂದರೆ ಅಲ್ಲೇ ನಿಲ್ಲಿಸಿ ಕೇಳಿ. ನಗುತ್ತಲೇ ಕೇಳಿ, ಆದರೆ ಕೇಳಿ. ಸರಿಯಾದ ವ್ಯಾಪಾರಿ ಟೇಪ್ ನೋಡಿ ಮುಖ ಸಿಂಡರಿಸುವುದಿಲ್ಲ.

ಇನ್ನು 'ಒಣ' ಅಂದಿದ್ದಾನಲ್ಲ, ಅದನ್ನೂ ನೋಡಬೇಕು. ಊರಲ್ಲಿ ಹಸಿ ಸೌದೆ ಹಾಕಿದರೆ ಕಣ್ಣೇ ಹೇಳಿಬಿಡುತ್ತದೆ. ಇಲ್ಲಿಯ ಒಲೆಗೆ ಗಾಜಿನ ಬಾಗಿಲು, ಹೊಗೆ ಚಿಮಣಿಗೆ ಹೋಗುತ್ತದೆ, ನಮಗೆ ಗೊತ್ತೇ ಆಗುವುದಿಲ್ಲ. ಅದು ಚಿಮಣಿಯ ಒಳಗೋಡೆಗೆ ಡಾಂಬರಿನಂತೆ ಅಂಟುತ್ತದೆ. ಕ್ರಿಯೋಸೋಟ್ ಅನ್ನುತ್ತಾರೆ, ಅದಕ್ಕೆ ಬೆಂಕಿ ಹತ್ತಿದರೆ ಮನೆಯೇ ಹೋಗಬಹುದು. ತೇವ ಅಳೆಯುವ ಸಣ್ಣ ಮೀಟರ್ ಅಂಗಡಿಯಲ್ಲಿ ಸಿಗುತ್ತದೆ. ಒಂದು ಸೀಳನ್ನು ಮತ್ತೆ ಸೀಳಿ, ಹೊಸ ಮುಖಕ್ಕೆ ಅದರ ಮುಳ್ಳು ಚುಚ್ಚಿ. 20 ಶೇಕಡಾ ಅಥವಾ ಅದಕ್ಕಿಂತ ಕಡಿಮೆ ಬರಬೇಕು. ಹೊರಮೈಗೆ ಚುಚ್ಚಿದರೆ ಸುಳ್ಳು ಹೇಳುತ್ತದೆ. ಉರಿಯುವಾಗ ಸೀಳಿನ ತುದಿಯಲ್ಲಿ ಸುಯ್ ಅಂತ ನೊರೆ ಬಂದರೆ ಅದು ಹಸಿ, ಯಾರು ಏನೇ ಹೇಳಲಿ. ಓಕ್ ಮರಕ್ಕಂತೂ ಸೀಳಿದ ಮೇಲೂ ಒಂದೆರಡು ವರ್ಷ ಬೇಕು. ಶಾಖ ಚೆನ್ನಾಗಿ ಕೊಡುತ್ತದೆ ನಿಜ, ಬಿಳಿ ಪೈನ್‌ಗಿಂತ ಎಷ್ಟೋ ಮೇಲು, ಆದರೆ ಒಣಗಿದ್ದರೆ ಮಾತ್ರ.

ಒಟ್ಟುವಾಗ ನೆಲಕ್ಕೆ ತಾಗದಂತೆ ಹಲಗೆ ಹಾಕಿ. ಮೇಲೆ ಮಾತ್ರ ಮುಚ್ಚಿ, ಪಕ್ಕಗಳು ಗಾಳಿಗೆ ಬಿಡಿ. ಚಿಮಣಿ ವರ್ಷಕ್ಕೊಮ್ಮೆ ಗುಡಿಸಿಸಿ. ಬೂದಿ ಮುಚ್ಚಳದ ಲೋಹದ ಡಬ್ಬಕ್ಕೆ ಹಾಕಿ ಮನೆಯಿಂದ ದೂರ ಇಡಿ, ಒಳಗೆ ಕೆಂಡ ದಿನಗಟ್ಟಲೆ ಬದುಕಿರುತ್ತದೆ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಇದೆಯಾ ಅಂತ ಇವತ್ತೇ ನೋಡಿ.

ಪಕ್ಕದ ರಾಜ್ಯದಿಂದ ಅಗ್ಗಕ್ಕೆ ತರೋಣವಾ ಅಂತಲೂ ಕೇಳಿದ್ದೀರಿ, ಬೇಡ. ಹೊರಗಿನ ಸೌದೆಯನ್ನು ಹಾಗೇ ತರುವುದನ್ನು ಮೇನ್ 2010ರಿಂದ ನಿಷೇಧಿಸಿದೆ. ಸೌದೆಯ ಜೊತೆ ಮರ ಕೊಲ್ಲುವ ಹುಳ ಬರುತ್ತದೆ. ಆ್ಯಶ್ ಮರ ತಿನ್ನುವ ಹುಳ 2018ರಲ್ಲಿ ಇಲ್ಲೇ ಸಿಕ್ಕಿತು.

ಈ ಹೊತ್ತಿನಲ್ಲಿ ನಿಜವಾದ ಒಣ ಸೌದೆ ಸಿಗುವುದು ಕಷ್ಟ. ಈ ವರ್ಷಕ್ಕೆ ಬಿಸಿ ಗೂಡಿನಲ್ಲಿ (ಕಿಲ್ನ್) ಒಣಗಿಸಿದ್ದನ್ನೋ, ಒತ್ತಿ ಮಾಡಿದ ಮರದ ಇಟ್ಟಿಗೆಯನ್ನೋ ತೆಗೆದುಕೊಳ್ಳಿ. ಆ ಮನುಷ್ಯನ ಸೌದೆ ಹಸಿ ಇದ್ದರೆ ಮುಂದಿನ ವರ್ಷಕ್ಕೆ ಅಂತಲೇ ಬೆಲೆ ಮಾತಾಡಿ ಒಟ್ಟಿಸಿ. ಅದಕ್ಕಿಂತ ಮೊದಲು ಒಲೆಯ ಒಳಗಿನ ಉದ್ದ ಅಳೆಯಿರಿ, ಸೀಳು ಅದಕ್ಕಿಂತ ಒಂದೆರಡು ಅಂಗುಲ ಕಡಿಮೆಯೇ ಇರಲಿ.